ಆಷಾಢದಾಗ ಮಾರಿದ ಗಾಡಿ

2025ರ ಜುಲೈ 28, ಸೋಮವಾರ. ನಾಗಚೌತಿ. ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಮೈತುಂಬ ಹಿಟ್ಟು ಮೆತ್ತಿಕೊಂಡ ಒಬ್ಬ ಮನುಷ್ಯ ಠಾಣೆಯ ಮೆಟ್ಟಿಲು ಹತ್ತಿ ಬಂದ. ಯಾವ ಠಾಣೆ ಅಂತ ಕೇಳಬೇಡಿ. ಶಿಗ್ಗಾಂವ ಸೀಮೆಯದು ಅಂದುಕೊಂಡರೆ ಸಾಕು. ಹೆಸರು ಹೇಳಿದರೆ ಇನ್‌ಸ್ಪೆಕ್ಟರರ ಗುರುತು ಸಿಕ್ಕಿಬಿಡುತ್ತದೆ, ಈ ಪ್ರಕರಣದ ಸುದ್ದಿ ಎತ್ತಿದರೆ ಅವರು ಇವತ್ತಿಗೂ ತಲೆ ತಗ್ಗಿಸುತ್ತಾರೆ. ಕಳುವಾದದ್ದು ಒಂದು ಹಳೇ ಮೋಟಾರ್ ಸೈಕಲ್. ಅದು ಮರುದಿನವೇ ಸಿಕ್ಕಿತು. ಅದರ ಬೆನ್ನು ಹತ್ತಿ ಹೋಗಿ ಪೊಲೀಸರು ಕೈಹಾಕಿದ್ದು ಒಬ್ಬ ಹೆಣ್ಣುಮಗಳ ಸಂಸಾರಕ್ಕೆ. ಅದನ್ನೇ ಈಗ ಹೇಳಬೇಕಾಗಿದೆ.

ಬಂದವನು ಹುಲಗೂರಿನ ಶಂಕ್ರಪ್ಪ, ಹಿಟ್ಟಿನ ಗಿರಣಿಯವನು. ಇನ್‌ಸ್ಪೆಕ್ಟರ್ ಜಗದೀಶ ಹಾದಿಮನಿಯವರು (ಇದು ಅವರ ನಿಜವಾದ ಹೆಸರಲ್ಲ) ಆಗಷ್ಟೇ ಬಂದು ಕುರ್ಚಿಯಲ್ಲಿ ಕೂತಿದ್ದರು.

“ಕುಂದ್ರಿ. ಏನಾತು?”

“ಗಾಡಿ ಹೋತ್ರಿ ಸಾಹೇಬ್ರ. ಗಿರಣಿ ಮುಂದ ನಿಲ್ಸಿದ್ದೆ. ಹೊರಗ ಬಂದು ನೋಡ್ತೇನಿ, ಇಲ್ಲ!”

“ಎಷ್ಟೊತ್ತಿಗೆ?”

“ಏಳು, ಏಳೂವರಿ ಸುಮಾರ. ಹಬ್ಬದ ಗದ್ದಲರಿ. ಅಳ್ಳಿಟ್ಟಿಗೆ ಜ್ವಾಳದ ಅರಳು ಬೀಸಸಾಕ ಊರ ಹೆಣ್ಣಮಕ್ಕಳೆಲ್ಲಾ ಬಂದು ಡಬ್ಬಿ ಪಾಳಿ ಹಚ್ಚಿದ್ರು. ತಲಿ ಎತ್ತಾಕ ಪುರಸೊತ್ತು ಇರಲಿಲ್ಲ.”

“ಲಾಕ್ ಹಾಕಿದ್ರಿ?”

“ಹ್ಯಾಂಡಲ್ ಲಾಕ್ ಹಾಕಿದ್ದೆ. ಕೀಲಿ ಇಲ್ಲೇ ಐತಿ, ನೋಡ್ರಿ.”

“ಇನ್ನೊಂದು ಕೀಲಿ?”

ಶಂಕ್ರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಅದು ಮಾರಿದವನ ಕಡೆ ಐತ್ರಿ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಷಾಢದಾಗ ಯಾರೂ ಗಾಡಿ ಕೊಳ್ಳುವುದಿಲ್ಲ. ಕೊಳ್ಳುವವರಿಲ್ಲ ಅಂದಮೇಲೆ ಹಳೇ ಗಾಡಿಯ ರೇಟು ಇಳಿಯುತ್ತದೆ. ಅದಕ್ಕೆ ಶಾಣ್ಯಾ ಮಂದಿ ಏನು ಮಾಡುತ್ತಾರೆ? ಆಷಾಢದಾಗೇ ವ್ಯಾಪಾರ ಮುಗಿಸಿ ಗಾಡಿ ಮನೆಗೆ ತರುತ್ತಾರೆ, ಆದರೆ ಪೂಜೆ, ಹೆಸರು ಬದಲಾವಣೆ ಎಲ್ಲ ಶ್ರಾವಣಕ್ಕೆ ಇಟ್ಟುಕೊಳ್ಳುತ್ತಾರೆ. ದೇವರ ಲೆಕ್ಕದಾಗ ಗಾಡಿ ಕೊಂಡದ್ದು ಶ್ರಾವಣದಲ್ಲೇ ಆಯಿತಲ್ಲ! ಶಂಕ್ರಪ್ಪನೂ ಹಾಗೇ ಮಾಡಿದ್ದ. ಜುಲೈ 8ರಂದು ಸವಣೂರಿನ ರುದ್ರೇಶ ಎಂಬುವನಿಂದ ಗಾಡಿ ತಂದ. ಶ್ರಾವಣದ ಮೊದಲ ಸೋಮವಾರ ಪೂಜೆ, ಅವತ್ತೇ ಫಾರಂಗಳಿಗೆ ಸಹಿ, ಅವತ್ತೇ ಎರಡನೇ ಕೀಲಿ ಅಂತ ಮಾತಾಗಿತ್ತು.

“ಯಜಮಾನ್ರ, ಶ್ರಾವಣದ ಮೊದಲನೇ ಸೋಮಾರ ಇವತ್ತ ಅಲ್ಲೇನ್ರಿ?” ಅಂದ ಹೆಡ್ ಕಾನ್‌ಸ್ಟೇಬಲ್ ಗುತ್ತೆಪ್ಪ. ಅವನಿಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ್ರಿ. ರೊಕ್ಕಾ ಪೂರಾ ಕೊಟ್ಟೇನಿ. ಚೀಟಿ ಐತಿ.”

“ಕಾಗದದ ಮ್ಯಾಲ ಗಾಡಿ ಇನ್ನೂ ಅವಂದ ಐತಿ,” ಅಂದರು ಹಾದಿಮನಿ. “ಆದ್ರ ರೊಕ್ಕಾ ತಗೊಂಡು ಗಾಡಿ ನಿಮ್ಮ ಕೈಗೆ ಕೊಟ್ಟಾನ. ನಿಮ್ಮ ತಾಬಾದಾಗಿದ್ದದ್ದನ್ನ ಕೇಳದ ಒಯ್ದ್ರ ಅದು ಕಳುವ. ಅವನ ಜೋಡಿ ತಕರಾರು ಏನರ ಇತ್ತೇನು?”

“ಸ್ವಲ್ಪ ಬಾಯಿ ಆಗಿತ್ರಿ. ಬೆಳಿಗ್ಗೆ ಒದ್ದೂ ಒದ್ದೂ ಸಾಕಾಗ್ತಿತ್ತು, ಸ್ಟಾರ್ಟ್ ಆಗ್ತಿರಲಿಲ್ಲ. ಹೊಗಿ ಬ್ಯಾರೆ. ಫೋನ್ ಹಚ್ಚಿ ಬೈದೆ. ನೋಡೇ ಒಯ್ದೀಯಲ್ಲಪ್ಪಾ ಅಂದ. ಹಂಗಾರ ವಾಪಸ್ ತಗೋ ಅಂದೆ. ಒಲ್ಲೆ ಅಂದ.”

“ಮತ್ತೇನರ?”

“ಮತ್ತೇನಿಲ್ರಿ.” ಅವನು ಮತ್ತೆ ಮುಖ ಒರೆಸಿಕೊಂಡ.

9 ಗಂಟೆ 25ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಅಡಿ ಎಫ್‌ಐಆರ್ ಆಯಿತು. ಗಾಡಿ ಕಪ್ಪು ಬಣ್ಣದ್ದು, ಎಡಗಡೆ ಕೀಲಿ ಇರುವ ಸೈಡ್ ಬಾಕ್ಸ್, ನಂಬರಿನ ಕೊನೆಗೆ 4471. ರುದ್ರೇಶನ ಫೋನ್ ಸ್ವಿಚ್ ಆಫ್ ಬರುತ್ತಿತ್ತು.

10 ಗಂಟೆ 30ಕ್ಕೆ ಹಾದಿಮನಿ, ಗುತ್ತೆಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ಶಬೀನಾ ಹುಲಗೂರಿನ ಗಿರಣಿ ಮುಂದೆ ಸ್ಥಳ ಪಂಚನಾಮೆಗೆ ಇಳಿದರು. ಪಂಚನಾಮೆ ಅಂದರೆ ಹಾದಿಮನಿಯವರಿಗೆ ದೇವರ ಕೆಲಸ. ಹತ್ತು ವರ್ಷದ ಹಿಂದೆ, ಇನ್ನೂ ಪಿಎಸ್‌ಐ ಇದ್ದಾಗ, ಒಂದು ಕೇಸಿನ ಪಂಚನಾಮೆಯಲ್ಲಿ ಒಂದು ಬ್ಯಾಟರಿ ಬರೆಯುವುದು ಬಿಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ನ್ಯಾಯಾಧೀಶರು ತುಂಬಿದ ಕೋರ್ಟಿನಲ್ಲಿ ಇವರಿಗೆ ಛೀಮಾರಿ ಹಾಕಿದರು. ಅವತ್ತಿನಿಂದ ಸಿಕ್ಕ ವಸ್ತುವನ್ನೆಲ್ಲ ತಾವೇ ಕೈಯಲ್ಲಿ ಹಿಡಿದು, ಪಂಚರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ ಬರೆಸುತ್ತಿದ್ದರು. “ಇದ್ದದ್ದು ಇದ್ದಂಗ ಬರೀರಿ” ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು.

ಗಿರಣಿಯ ಹೆಣ್ಣುಮಕ್ಕಳನ್ನು ಕೇಳಿದ್ದಾಯಿತು. ಅಪರಿಚಿತ ಗಂಡಸು ಯಾರೂ ಬಂದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಹೋದ ಮೇಲೆ ಪಾಳಿಯಲ್ಲಿ ಒಂದೇ ಒಂದು ಸ್ಟೀಲಿನ ಡಬ್ಬಿ ಉಳಿದಿತ್ತು. ಯಾರದಂತ ಶಂಕ್ರಪ್ಪನಿಗೆ ಗೊತ್ತಿಲ್ಲ, ಉಳಿದವರಿಗೂ ಗೊತ್ತಿಲ್ಲ. ಶಬೀನಾ ಅದನ್ನು ತಿರುಗಿಸಿ ನೋಡಿದಳು.

“ಸರ್, ಹೆಸರು ಕೊರಸ್ಯಾರ.”

ಮದುವೆಯ ಭಾಂಡೆಗೆ ಹೆಸರು ಕೊರೆಸದೆ ಕೊಡುವ ಬಂಧು ನಮ್ಮಲ್ಲಿ ಯಾರಿದ್ದಾರೆ? ಡಬ್ಬಿಯ ಕೊರಳಿಗೆ ಸುತ್ತಲೂ ಚುಕ್ಕಿ ಚುಕ್ಕಿಯಾಗಿ ಬರೆದಿತ್ತು: ಚಿ.ಸೌ. ಅಂಕಿತಾಳ ಮದುವಿಗೆ ಸೋದರಮಾವನಿಂದ, ಹಂಸಭಾವಿ.

“ಹಂಸಭಾವಿ ಎಲ್ಲಿ, ಹುಲಗೂರು ಎಲ್ಲಿ!” ಅಂದ ಗುತ್ತೆಪ್ಪ. “ಅಲ್ಲಿಂದ ಇಲ್ಲಿಗೆ ಬೀಸಸಾಕ ಬಂದಿದ್ಲೇನು?”

“ಬೀಸಸಾಕ ಬಂದಿಲ್ರಿ ಕಾಕಾ. ಡಬ್ಬಿ ಹಿಡಕೊಂಡು ಪಾಳಿ ಹಚ್ಚಿದ ಹೆಣ್ಣಮಗಳನ್ನ ಯಾರರ ತಿರುಗಿ ನೋಡ್ತಾರೇನ್ರಿ? ಗಿರಣಿ ಮುಂದ ಸುಮ್ಮನ ನಿಂತ್ರ ನೂರು ಮಂದಿ ಕೇಳ್ತಾರ.”

“ಹೆಣ್ಣಮಗಳು ಮೋಟಾರ್ ಸೈಕಲ್ ಒದ್ದು ಹೋದ್ಲು ಅಂತೀಯೇನವಾ?”

“ಯಾಕ, ಹೋಗಬಾರದೇನ್ರಿ? ನಾ ಓಡಸಂಗಿಲ್ಲೇನು?” ಶಬೀನಾಳಿಗೆ ಸಿಟ್ಟು ಬಂದಿತ್ತು. ಗುತ್ತೆಪ್ಪ ಬರೆಯತೊಡಗಿದ.

ಮಧ್ಯಾಹ್ನ 12 ಗಂಟೆ 15ಕ್ಕೆ ಸವಣೂರು. ರುದ್ರೇಶನ ಮನೆಗೆ ಕೀಲಿ ಬಿದ್ದಿತ್ತು. ಪಕ್ಕದ ಮನೆಯ ಹಾಜರಾಬಿ ಎಂಬ ಮುದುಕಿ ಬಾಗಿಲಲ್ಲಿ ಕೂತು ವೀಳ್ಯದೆಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದಳು.

“ರುದ್ರೇಶನ ಹೆಂಡತಿ ಹೆಸರೇನವಾ?”

“ಅಂಕಿತಾರಿ. ಹಂಸಭಾವಿ ಹುಡುಗಿ. ಪಂಚಮಿಗೆ ತವರಿಗೆ ಹೋಗ್ಯಾರ. ಆಕಿ ನಸಿಕಿನ್ಯಾಗ ಮೊದಲನೇ ಬಸ್ಸಿಗೆ ಒಬ್ಬಾಕಿನ ಹೋದ್ಲು. ಆಂವ ಎಂಟರ ಸುಮಾರಿಗೆ ಚೀಲ ಹಿಡಕೊಂಡು ಹಾವೇರಿ ರೋಡಿನ ಕಡೆ ನಡಕೋತ ಹೋದ.”

“ಗಾಡಿ ಯಾಕ ಮಾರಿದ?”

“ಅದ ಯಾರಿಗೂ ತಿಳೀವಲ್ದರಿ. ಮದುವ್ಯಾಗ ಮಾವ ಕೊಡ್ಸಿದ ಗಾಡಿ ಅದು. ಮಾವಗ ಇನ್ನೂ ಗೊತ್ತಿಲ್ಲ. ಆ ಮನುಷ್ಯಾ ಭಾಳ ಖಡಕ್ ಐತ್ರಿ. ದೊಡ್ಡ ಮಗಳ ಗಂಡ ಕುಡೀತಾನಂತ ತಿಳದ ದಿವಸ ಟ್ರ್ಯಾಕ್ಟರ್ ತಗೊಂಡು ಹೋಗಿ, ಭಾಂಡೆ ಸಮೇತ ಮಗಳನ್ನ ಮನಿಗೆ ತಂದಾನ. ಮೂರು ವರ್ಷಾತು, ಇನ್ನೂ ಕಳಿಸಿಲ್ಲ. ಯಾ ಅಲ್ಲಾ, ಗಾಡಿ ಸುದ್ದಿ ತಿಳೀತಂದ್ರ ಈ ಹುಡುಗಿ ಸಂಸಾರಾನೂ ಅಷ್ಟ.”

“ರುದ್ರೇಶಗ ಏನರ ಚಟ?”

“ಬೀಡಿ ಸೈತ ಸೇದಂಗಿಲ್ರಿ.”

ಹಾದಿಮನಿಯವರು ಇದನ್ನು ನಂಬಲಿಲ್ಲ. ಜೀಪಿಗೆ ಹತ್ತುವಾಗ ಗುತ್ತೆಪ್ಪನಿಗೆ ಅಂದರು, “ಮಾವ ಕೊಡ್ಸಿದ ಗಾಡಿ ಗುಪ್ತ ಮಾರ್ಯಾನ ಅಂದ್ರ ಒಂದೋ ಓಸಿ ಮಟಕಾ, ಇಲ್ಲಾ ಇಸ್ಪೀಟು. ಬರದಿಟ್ಟುಕೋ.”

ಅವರ ತಂಗಿಯ ಗಂಡ ಓಸಿ ಚಟದವನು. ತಂಗಿ ಆರು ವರ್ಷ ಅದನ್ನು ತವರಿಗೆ ಹೇಳಲಿಲ್ಲ, ಕಿವಿಯ ಬೆಂಡೋಲೆ ಹೋದರೂ ಹೇಳಲಿಲ್ಲ. ತಿಳಿಯುವ ಹೊತ್ತಿಗೆ ಮನೆಯಲ್ಲಿ ಉಳಿದದ್ದು ಗೋಡೆ ಮಾತ್ರ. ಹೆಂಡಂದಿರು ಮುಚ್ಚಿಡುತ್ತಾರೆ, ಗಂಡಂದಿರು ಕೆಡುತ್ತಾರೆ ಅನ್ನುವುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಣದ ಆ ರುದ್ರೇಶನ ಮೇಲೆ ಅವರಿಗೆ ಆಗಲೇ ಹೇಸಿಗೆ ಹುಟ್ಟಿತ್ತು.

1 ಗಂಟೆ 40ಕ್ಕೆ ಹಾವೇರಿ ರಸ್ತೆಯ ಪೆಟ್ರೋಲ್ ಬಂಕ್. ಸಿಸಿಟಿವಿಯಲ್ಲಿ ಬೆಳಿಗ್ಗೆ 8 ಗಂಟೆ 22 ನಿಮಿಷಕ್ಕೆ ಕಪ್ಪು ಗಾಡಿ ಬಂದು ನಿಂತದ್ದು ಸ್ಪಷ್ಟವಾಗಿ ಕಂಡಿತು. ಹೆಲ್ಮೆಟ್ ಹಾಕಿ, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಗಾಡಿ ಓಡಿಸುತ್ತಿದ್ದವಳು ಹೆಂಗಸು. ಹಿಂದೆ ಚೀಲ ತಬ್ಬಿಕೊಂಡು ಕೂತವನು ಗಂಡಸು.

“ನೆನಪೈತ್ರಿ,” ಅಂದ ಬಂಕಿನವನು. “ಹೆಂಡ್ತಿ ಓಡಸ್ತಾಳ, ಗಂಡ ಹಿಂದ ಕುಂತಾನ ಅಂತ ನಾವೆಲ್ಲಾ ನಕ್ಕಿವಿ. ಆಂವ ತಲಿ ಕೆಳಗ ಹಾಕಿದ.”

ಗುತ್ತೆಪ್ಪ ಓರೆಗಣ್ಣಿಂದ ಶಬೀನಾಳನ್ನು ನೋಡಿದ. ಅವಳು ನಕ್ಕಳು. ಆಮೇಲೆ ಇನ್‌ಸ್ಪೆಕ್ಟರರಿಗೆ ಅಂದಳು, “ಸರ್, ನಾಳೆ ಪಂಚಮಿ. ಹೆಣ್ಣಮಗಳು ತವರಿಗೆ ಬಂದಾಳ. ಬುಧವಾರ ಫೋನ್ ಮಾಡಿ ಠಾಣೆಗೆ ಕರಸೋಣ್ರಿ. ಗಾಡಿ ಎಲ್ಲಿ ಹೋಗ್ತೇತಿ?”

“ನಾಳೆ ಆ ಗಾಡಿ ಬಿಚ್ಚಿ ಮಾರಿದ್ರ ಯಾರು ಜವಾಬ್ದಾರಿ, ನೀನೋ ನಾನೋ?”

ನಿಜ ಹೇಳಬೇಕೆಂದರೆ ಹಾದಿಮನಿಯವರಿಗೂ ಆ ಗಾಡಿ ಎಲ್ಲೂ ಹೋಗುವುದಿಲ್ಲ ಅಂತ ಗೊತ್ತಿತ್ತು. ಅಳಿಯನ ಬಣ್ಣ ಮಾವನ ಎದುರಿಗೇ ಬಯಲಾಗಲಿ ಅಂತ ಒಳಗೊಳಗೇ ಒಂದು ಆಸೆ ಅವರಿಗಿತ್ತು. ಹಂಗ ಆಸೆಪಟ್ಟದ್ದಕ್ಕೆ ಆಮೇಲೆ ಅವರು ತಮ್ಮನ್ನು ತಾವು ಎಷ್ಟು ಬೈದುಕೊಂಡರೂ ಏನು ಬಂತು!

ಜುಲೈ 29, ಮಂಗಳವಾರ. ಅಲ್ಲಿನ ಠಾಣೆಗೆ ತಿಳಿಸಿ, ಬೆಳಿಗ್ಗೆ 10 ಗಂಟೆ 50ಕ್ಕೆ ಹಂಸಭಾವಿಯ ಚನ್ನವೀರಪ್ಪನವರ ಮನೆ ಮುಂದೆ ಜೀಪು ನಿಂತಿತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹಾಲೆರೆದು ಬಂದ ಹೆಣ್ಣುಮಕ್ಕಳು, ನೆಂಟರು, ಮಕ್ಕಳು ಅಂತ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ. ಕಪ್ಪು ಗಾಡಿ ಕಟ್ಟೆಯ ಪಕ್ಕದಲ್ಲೇ ನಿಂತಿತ್ತು. ಅದಕ್ಕೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. ಕಟ್ಟೆಯ ಮೇಲೆ ಒಬ್ಬ ತೆಳ್ಳಗಿನ ಹುಡುಗ ತೊಡೆಯ ಮೇಲೆ ಒಂದು ಕೂಸು ಕೂಡಿಸಿಕೊಂಡು ಶೇಂಗಾ ಉಂಡಿ ತಿನ್ನಿಸುತ್ತಿದ್ದ. ಅವನೇ ರುದ್ರೇಶ.

ಚನ್ನವೀರಪ್ಪ ಎದ್ದು ಬಂದರು. ಬಿಳಿ ಧೋತರ, ನೆಟ್ಟಗಿನ ನಿಲುವು. “ಬರ್ರಿ ಸಾಹೇಬ್ರ. ಹಬ್ಬದ ದಿನ ಬಂದೀರಿ, ಮೊದಲ ಉಂಡಿ ತಿನ್ರಿ.”

“ಆಮ್ಯಾಲ ತಿನ್ನೋಣಂತ. ಈ ಗಾಡಿ ಯಾರದು?”

“ನಮ್ಮ ಅಳಿಯಂದು. ನಾನ ಕೊಡ್ಸಿದ್ದು. ಮಾರ್ಯಾನಂತ ಯಾರೋ ಸುಳ್ಳಸುದ್ದಿ ಹಬ್ಬಿಸಿದ್ರು. ಅದಕ್ಕ ಗಾಡಿ ಮ್ಯಾಲ ಬರ್ರಿ ಅಂತ ಕರೆಸಿ, ಮಂದಿ ಎದುರಿಗೆ ನಾನ ಪೂಜಿ ಮಾಡಸೇನಿ.”

“ಸುಳ್ಳಲ್ರಿ. ಜುಲೈ ಎಂಟಕ್ಕ ಮಾರ್ಯಾನ. ನಿನ್ನೆ ಕೊಂಡವರ ಗಿರಣಿ ಮುಂದಿಂದ ಗಾಡಿ ಕಳುವಾಗೇತಿ.”

ಜೋಕಾಲಿ ನಿಂತಿತು. ರುದ್ರೇಶ ಎದ್ದು ನಿಲ್ಲಲು ಹೋಗಿ ಹಾಗೇ ಕೂತ. “ಕಳುವು? ಶಂಕ್ರಪ್ಪಣ್ಣ ಎರಡು ದಿವಸ ಕೊಟ್ಟಾನ ಅಂತ ಹೇಳಿದ್ದಿಯಲ್ಲ ನೀನು?” ಅಂತ ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ನಿಂತಿದ್ದ ಅಂಕಿತಾ ಮುಂದೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ. “ಇವರಿಗೆ ಏನೂ ಗೊತ್ತಿಲ್ರಿ. ನಾನ ತಂದೇನಿ.”

“ಕೇಳಿ ತರಬೇಕಿತ್ತು.”

“ಕೇಳೇನ್ರಿ. ಶನಿವಾರ ಫೋನ್ ಹಚ್ಚಿ ಕೈಮುಗದು ಕೇಳೇನಿ, ಅಣ್ಣಾ ಎರಡ ದಿನ ಕೊಡು ಅಂತ. ಮಾರಿದ ಮ್ಯಾಲ ಗಾಡಿ ಮುಖ ನೋಡಬ್ಯಾಡ್ರಿ ಅಂದ್ರು. ಕೀಲಿ ಮನ್ಯಾಗಿತ್ತು. ಬುಧವಾರ ತಂದಿಡಾಕಿ ಇದ್ದೆ.”

ಚನ್ನವೀರಪ್ಪ ಮಗಳ ಮುಖ ನೋಡಲಿಲ್ಲ, ಅಳಿಯನನ್ನೇ ನೋಡಿದರು. “ಯಾಕ ಮಾರಿದಿ?”

ಅಂಕಿತಾಳೇ ಅಂದಳು, “ನಾನ ಮಾರಿಸಿದೆ ಅಪ್ಪಾ.”

“ನಿನ್ನ ಕೇಳಿಲ್ಲ ನಾನು.”

ಹಾದಿಮನಿಯವರು ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದರು. ಹೊಸ ಕಾಯ್ದೆ ಪ್ರಕಾರ ಜಪ್ತಿಯ ವಿಡಿಯೋ ಆಗಬೇಕು, ಶಬೀನಾ ಫೋನ್ ಹಿಡಿದು ನಿಂತಳು. ಗುತ್ತೆಪ್ಪ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ರಟ್ಟು ಇಟ್ಟುಕೊಂಡ. ಒಂದು, ಕಪ್ಪು ಬಣ್ಣದ ಗಾಡಿ. ಎರಡು, ಗಾಡಿಯ ಕೀಲಿ, ಅಂಕಿತಾ ತಾನಾಗಿ ಹಾಜರುಪಡಿಸಿದ್ದು. ಆಮೇಲೆ ಹಾದಿಮನಿ ಸೈಡ್ ಬಾಕ್ಸಿಗೆ ಕೀಲಿ ಹಾಕಿದರು.

“ಸಾಹೇಬ್ರ, ಅದನ್ನ ತೆಗೀಬ್ಯಾಡ್ರಿ.” ಅಂಕಿತಾಳ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು, ಈಗ ಒಡೆಯಿತು. “ಗಾಡಿ ಒಯ್ರಿ. ನನ್ನೂ ಒಯ್ರಿ. ಅದೊಂದು ತೆಗೀಬ್ಯಾಡ್ರಿ.”

ಅಲ್ಲಿಗೆ ಹಾದಿಮನಿಯವರಿಗೆ ಖಾತ್ರಿಯಾಯಿತು. ಓಸಿ ಚೀಟಿ ಇಲ್ಲೇ ಇದೆ! ತವರಿನಲ್ಲಿ ಅವ್ವ ಚೀಲ ಬಿಚ್ಚಿ ನೋಡಿಯಾಳು ಅಂತ ಗಾಡಿಯಲ್ಲಿ ಬಚ್ಚಿಟ್ಟಿದ್ದಾಳೆ. ಅವರು ಬಾಕ್ಸ್ ತೆಗೆದರು. ಒಳಗೆ ಒಂದು ಗುಳಿಗೆಯ ಪಟ್ಟಿ, ನಾಲ್ಕು ಮಡಿಕೆ ಮಾಡಿದ ಒಂದು ಕಾಗದ.

“ಓದಬ್ಯಾಡ್ರಿ ಸಾಹೇಬ್ರ! ನಿಮ್ಮ ಕಾಲಿಗೆ ಬೀಳ್ತೇನಿ, ಎಲ್ಲಾರ ಮುಂದ ಓದಬ್ಯಾಡ್ರಿ!” ಅಂಕಿತಾ ಓಡಿ ಬಂದಳು. ಗುತ್ತೆಪ್ಪ ಅಡ್ಡ ನಿಂತ.

ಹಾದಿಮನಿ ಕಾಗದ ಬಿಚ್ಚಿದರು. ತಂಗಿಯ ಬರಿಗಿವಿ ಅವರ ಕಣ್ಣ ಮುಂದೆ ಬಂದಿತ್ತು. ದಿನಾ ಓದುವುದಕ್ಕಿಂತ ಗಟ್ಟಿಯಾಗಿ, ಜೋಕಾಲಿಯ ಹತ್ತಿರ ನಿಂತವರಿಗೂ ಕೇಳಬೇಕು ಅಂತಲೇ ಓದಿದರು. “ಬರಕೋ ಗುತ್ತೆಪ್ಪ. ಮೂರನೇದು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಚೀಟಿ. ರೋಗಿಯ ಹೆಸರು ರುದ್ರೇಶ, ವಯಸ್ಸು ಇಪ್ಪತ್ತೊಂಬತ್ತು. ಮೂರ್ಛೆ ರೋಗ. ಒಂದು ವರ್ಷ ಯಾವುದೇ ವಾಹನ ಓಡಿಸಕೂಡದು. ಬೆಂಕಿ, ಬಾವಿ, ಕೆರೆಯ ಹತ್ತಿರ...”

ಏನು ಓದುತ್ತಿದ್ದೇನೆ ಅನ್ನುವುದು ತಲೆಗೆ ಹೋಗುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು. ಕೊನೆಯ ಸಾಲನ್ನು ಅವರು ನುಂಗಿಕೊಂಡರು. ನುಂಗಿ ಏನು ಪ್ರಯೋಜನ?

ಅಂಗಳದಲ್ಲಿ ಒಬ್ಬ ಹೆಂಗಸು, “ಅಯ್ಯ ಶಿವನೇ, ಹುಡುಗಗ ಫಿಟ್ಸ್ ಐತಂತ,” ಅಂದಳು. ಇನ್ನೊಬ್ಬಳು ಬೇಗ ಬೇಗ ಹೋಗಿ ರುದ್ರೇಶನ ತೊಡೆಯ ಮೇಲಿಂದ ಕೂಸನ್ನು ಎತ್ತಿಕೊಂಡಳು. ಕೂಸು ಉಂಡಿಗಾಗಿ ಅತ್ತಿತು. ರುದ್ರೇಶ ಅರ್ಧ ಉಂಡಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಅದನ್ನು ಎಲ್ಲಿ ಇಡಬೇಕು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಶಬೀನಾ ಫೋನ್ ಕೆಳಗಿಳಿಸಿದಳು.

ಅಂಕಿತಾಳ ತಾಯಿ ನಾಗವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟರು. “ನನಗರ ಹೇಳಬಾರದೇನ ನನ್ನವ್ವಾ?”

“ಹೇಳಿದ್ರ ಅಪ್ಪಗ ಹೇಳ್ತಿದ್ದಿ.”

ಚನ್ನವೀರಪ್ಪ ಕೂಗಾಡಲಿಲ್ಲ. “ಮದುವಿಗಿಂತ ಮುಂಚೆ ಇತ್ತೇನು?” ಅಂತಷ್ಟೇ ಕೇಳಿದರು.

“ಇಲ್ರಿ ಮಾವಾರ. ಈ ಮೇ ತಿಂಗಳಾಗ ಶುರುವಾತು. ಆಣಿ ಮಾಡ್ತೇನಿ.”

“ಆಣಿ ಬ್ಯಾಡ.”

ಹಾದಿಮನಿಯವರು ಗುಳಿಗೆಯ ಪಟ್ಟಿಯನ್ನು ಅಲ್ಲೇ ರುದ್ರೇಶನ ಕೈಗೆ ಕೊಟ್ಟರು, ಚೀಟಿ ಮಾತ್ರ ಆಗಲೇ ಮೂರನೇ ನಂಬರಾಗಿ ಬರೆದಾಗಿತ್ತು. ಬರೆದದ್ದನ್ನು ಗುತ್ತೆಪ್ಪ ಓದಿ ಹೇಳಬೇಕು, ಅದು ನಿಯಮ. ಅವನು ಇಬ್ಬರು ಪಂಚರನ್ನು ಮೂಲೆಗೆ ಕರೆದು, ಕಿವಿಯಲ್ಲಿ ಹೇಳಿದ ಹಾಗೆ ಓದಿ ಸಹಿ ತೆಗೆದುಕೊಂಡ. ಸಾಹೇಬರಿಗೆ ತಿಳಿಯದ್ದು ಆ ಹೆಡ್ ಕಾನ್‌ಸ್ಟೇಬಲ್‌ಗೆ ತಿಳಿದಿತ್ತು.

“ಠಾಣೆಗೆ ಬರಾಕ ನೋಟಿಸ್ ಕೊಡ್ತೇನಮ್ಮಾ,” ಅಂದರು ಹಾದಿಮನಿ. “ಹಬ್ಬ ಮುಗಿಸಿ ಬರ್ರಿ.”

“ನೋಟಿಸ್ ಬ್ಯಾಡ್ರಿ. ಯಾವ ಹಬ್ಬ ಮುಗಿಸಲಿ? ಇಲ್ಲಿ ನಿಂದ್ರಾಕ ಆಗವಲ್ದು. ಈಗ ಕರಕೊಂಡು ಹೋಗ್ರಿ.” ಅವಳು ತಾನೇ ಜೀಪಿನ ಕಡೆ ನಡೆದಳು.

12 ಗಂಟೆ 5 ನಿಮಿಷಕ್ಕೆ, ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ, ಆರೋಪಿ ಅಂಕಿತಾಳನ್ನು ಬಂಧಿಸಲಾಯಿತು. ಬಂಧನದ ಮೆಮೊಗೆ ತಂದೆ ಚನ್ನವೀರಪ್ಪ ಸಹಿ ಹಾಕಿದರು. ಅಷ್ಟು ನೆಟ್ಟಗೆ ನಿಲ್ಲುತ್ತಿದ್ದ ಮನುಷ್ಯನ ಸಹಿ ಗೆರೆ ಬಿಟ್ಟು ಕೆಳಗಿಳಿದಿತ್ತು.

ಮಧ್ಯಾಹ್ನ 3 ಗಂಟೆ 30ಕ್ಕೆ ಠಾಣೆಯಲ್ಲಿ ಶಬೀನಾಳ ಎದುರು ಅವಳು ಹೇಳಿಕೆ ಕೊಟ್ಟಳು. ರುದ್ರೇಶ ಕಿರಾಣಿ ಹೋಲ್‌ಸೇಲ್ ಅಂಗಡಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಮೊದಲ ಸಲ ಅಲ್ಲೇ ಬಿದ್ದ. ಎರಡನೇ ಸಲ ಸಂತೆಯಲ್ಲಿ ಗಾಡಿಯ ಮೇಲಿಂದ. ಬಿಸಿಲಿಗೆ ತಲೆ ಸುತ್ತಿತು ಅಂತ ಇಬ್ಬರೂ ಮಂದಿಗೆ ಹೇಳಿದರು. ಗಾಡಿ ಮನೆ ಮುಂದಿದ್ದರೆ ಇವನು ಏರುವುದು ಬಿಡುವುದಿಲ್ಲ ಅಂತ ಅವಳೇ ಹಟ ಹಿಡಿದು ಮಾರಿಸಿದಳು.

“ನೀ ಓಡಸ್ತೀಯಲ್ಲ. ನೀನ ಓಡಿಸಿ ಕರಕೊಂಡು ಅಡ್ಡಾಡಬಹುದಿತ್ತು,” ಅಂದಳು ಶಬೀನಾ.

“ಯಾಕ ಗಂಡ ಓಡಸಂಗಿಲ್ಲ ಅಂತ ಮಂದಿ ಕೇಳ್ತಾರಲ್ರಿ. ಏನ ಹೇಳಲಿ?” ಆಮೇಲೆ ಅಂದಳು, “ಇಡೀ ಹಾದಿ ನಾನ ಓಡಸೇನಿ. ಹಂಸಭಾವಿ ಕಾಣೋ ಹೊತ್ತಿಗೆ ಅವರ ಕೈಗೆ ಕೊಟ್ಟೆ. ಅಪ್ಪ ಊರಬಾಗಲ ಅಗಸ್ಯಾಗ ನಿಂತಿರತಾನಲ್ಲ. ಒಂದು ಫರ್ಲಾಂಗ್ ಓಡಸ್ಯಾರ ನೋಡ್ರಿ. ಎರಡೂ ಕೈಲೆ ಅವರ ಅಂಗಿ ಗಟ್ಟಿ ಹಿಡದು ಹಿಂದ ಕುಂತಿದ್ದೆ. ಬಿದ್ದ್ರ ಇಬ್ಬರೂ ಬೀಳೋಣ ಅಂತ. ಅಪ್ಪ ನೋಡಿ ಭಾಳ ಖುಷಿ ಪಟ್ಟ.”

ಹಾದಿಮನಿಯವರು ಬಾಗಿಲ ಆಚೆ ನಿಂತು ಇದನ್ನೆಲ್ಲ ಕೇಳಿದರು. ಒಳಗೆ ಬರುವ ಧೈರ್ಯ ಅವರಿಗಾಗಲಿಲ್ಲ.

ಸಂಜೆ ಶಂಕ್ರಪ್ಪ ಗಾಡಿ ಗುರುತಿಸಲು ಬಂದ. “ಆಕಿ ಫೋನ್ ಮಾಡಿ ಕೇಳಿದ್ದು ದೂರಿನ್ಯಾಗ ಯಾಕ ಹೇಳಲಿಲ್ಲ?” ಅಂತ ಹಾದಿಮನಿ ಕೇಳಿದರು.

“ನಾಚಿಕಿ ಆತ್ರಿ. ಹೆಣ್ಣಮಗಳು ಅಣ್ಣಾ ಅಂತ ಕೇಳಿದ್ಲು, ನಾ ಹೊಗಿ ಗಾಡಿ ಕೊಟ್ಟ ಸಿಟ್ಟಿಗೆ ಬೈದು ಇಟ್ಟೆ.” ಅವನು ಟವೆಲ್ ಹಿಂಡುತ್ತಾ ನಿಂತ. “ಕಂಪ್ಲೇಂಟ್ ಹರದು ಹಾಕ್ರಿ ಸಾಹೇಬ್ರ. ನನಗ ಗಾಡೀನೂ ಬ್ಯಾಡ.”

“ಎಫ್‌ಐಆರ್ ಹರಿಯಾಕ ಬರೂದಿಲ್ಲಪ್ಪ. ರಾಜಿ ಆಗೂದಿದ್ರ ಕೋರ್ಟಿನ್ಯಾಗ ಆಗ್ರಿ.”

ಬುಧವಾರ ಮಧ್ಯಾಹ್ನ 12ಕ್ಕೆ ನ್ಯಾಯಾಲಯ ಜಾಮೀನು ಕೊಟ್ಟಿತು. ಜಾಮೀನಿಗೆ ನಿಂತವರು ಚನ್ನವೀರಪ್ಪ. ಕೋರ್ಟಿನ ಗೇಟಿನ ಹತ್ತಿರ ಅವರು ತಂದ ಕಾರು ಬಾಗಿಲು ತೆಗೆದುಕೊಂಡು ನಿಂತಿತ್ತು. ಆಚೆ ಬದಿಗೆ, ಚಹಾ ಅಂಗಡಿಯ ನೆರಳಿನಲ್ಲಿ, ರುದ್ರೇಶ ನೀರಿನ ಬಾಟಲಿ ಹಿಡಿದು ಒಬ್ಬನೇ ನಿಂತಿದ್ದ. ಅಂಕಿತಾ ಹೊರಗೆ ಬಂದವಳು ಅವನ ಕಡೆಗೇ ನಡೆದಳು.

“ನಡೀರಿ, ಬಸ್ಸಿಗೆ ಹೋಗೋಣು.”

ರುದ್ರೇಶ ಬಾಟಲಿ ಅವಳ ಕೈಗೆ ಕೊಟ್ಟ. ಮುಖ ಎತ್ತಲಿಲ್ಲ. “ಅಪ್ಪನ ಜೋಡಿ ಹೋಗು.”

“ನಾ ಒಲ್ಲೆ.”

“ಹೋಗ ಅಂಕಿತಾ. ಬಸ್ಸಿನ್ಯಾಗ ನಿನ್ನ ಮಗ್ಗಲ ಕುಂದ್ರಾಕ ನನಗ ಮುಖ ಇಲ್ಲ. ಮಂದಿ ನಿನ್ನ ಕಳ್ಳಿ ಅಂತಾರ, ನನ್ನ ಸಲುವಾಗಿ. ಹೋಗು.”

ಅವಳು ತುಂಬ ಹೊತ್ತು ಅವನನ್ನೇ ನೋಡಿದಳು. ಅವನು ನೆಲ ಬಿಟ್ಟು ಬೇರೆ ನೋಡಲಿಲ್ಲ. “ರಾತ್ರಿ ಗುಳಿಗಿ ತಪ್ಪಿಸಬ್ಯಾಡ್ರಿ,” ಅಂದಳು. ಆಮೇಲೆ ಕಾರಿನಲ್ಲಿ ಹೋಗಿ ಕೂತಳು. ಚನ್ನವೀರಪ್ಪ ಅಳಿಯನ ಕಡೆ ತಿರುಗಿಯೂ ನೋಡದೆ ಬಾಗಿಲು ಹಾಕಿದರು.

ಕಾರು ಹೋದ ಮೇಲೆ ರುದ್ರೇಶ ಹಾದಿಮನಿಯವರ ಹತ್ತಿರ ಬಂದ. “ಸಾಹೇಬ್ರ, ಆ ಚೀಟಿ ಬೇಕಾಗಿತ್ರಿ. ಚೀಟಿ ಇಲ್ಲಂದ್ರ ಮೆಡಿಕಲ್ ಶಾಪಿನ್ಯಾಗ ಗುಳಿಗಿ ಕೊಡಂಗಿಲ್ಲ.”

ಅಸಲು ಚೀಟಿ ಕೈಯಲ್ಲಿದ್ದ ಕೇಸಿನ ಕಡತದಲ್ಲಿತ್ತು. ಹಾದಿಮನಿ ತಾವೇ ರಸ್ತೆ ದಾಟಿ ಹೋಗಿ ಝೆರಾಕ್ಸ್ ಮಾಡಿಸಿಕೊಂಡು ಬಂದು ಕೊಟ್ಟರು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಗೆ ಇಟ್ಟುಕೊಂಡ.

“ಇದನ್ನ ಕೋರ್ಟಿನ್ಯಾಗೂ ಓದ್ತಾರೇನ್ರಿ?”

ಇಲ್ಲ ಅಂದರೆ ಸುಳ್ಳಾಗುತ್ತದೆ ಅಂತ ಹಾದಿಮನಿಯವರಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರಿಗೂ ಹೇಳದ ಮಾತೊಂದನ್ನು ಅವರು ಹೇಳಿದರು. “ತಪ್ಪು ನಂದಪ್ಪ ರುದ್ರೇಶ. ನಾ ಹಂಗ ಓದಬಾರದಿತ್ತು.”

ರುದ್ರೇಶ ಅವರಿಗೇ ಸಮಾಧಾನ ಹೇಳುವವನ ಹಾಗೆ ತಲೆಯಾಡಿಸಿದ. “ನಿಮ್ಮದೇನ ತಪ್ಪು ಬಿಡ್ರಿ ಸಾಹೇಬ್ರ. ಚೀಟ್ಯಾಗ ಬರದದ್ದನ್ನ ಓದೀರಿ.”

ಅಷ್ಟು ಹೇಳಿ ಕೈಮುಗಿದು, ಬಸ್ ಸ್ಟ್ಯಾಂಡಿನ ಕಡೆ ನಡೆದ. ಗುತ್ತೆಪ್ಪ ಜೀಪು ತಂದು ಪಕ್ಕದಲ್ಲಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದ. ಹಾದಿಮನಿಯವರು ಹತ್ತಲಿಲ್ಲ.